ಅಡುಗೆಮನೆಯೊಳಗಿನ ಬಾವಿ

ನಮ್ಮ ನೆಂಟರಲ್ಲಿ ಈ ಸಂಗತಿಯನ್ನು ಹೇಳುವ ರೀತಿಯೇ ಬೇರೆ. ಅತ್ತೆಯ ಹಟಕ್ಕೆ ಸೊಸೆ ಬಾವಿಗೆ ಇಳಿಯಬೇಕಾಯಿತು ಎಂದು ಅವರು ಹೇಳುತ್ತಾರೆ. ಮದುವೆಮನೆಗಳಲ್ಲಿ ನನ್ನ ಎದುರಿಗೇ ಹೇಳಿದ್ದಾರೆ. "ಪಾಪ, ಆಕಿ ಏನ ಮಾಡಬೇಕು" ಎಂದು ನನ್ನ ಕಡೆ ನೋಡಿ ಮರುಗಿದ್ದಾರೆ. ನನ್ನನ್ನು ಯಾರೂ ಬಾವಿಗೆ ಇಳಿಸಲಿಲ್ಲ. ನಾನೇ ಇಳಿದೆ. ಅದಕ್ಕೇ ನಾನು ಕಂಡದ್ದನ್ನು ಮಾತ್ರ, ಕಂಡ ಕ್ರಮದಲ್ಲಿಯೇ, ನಿಧಾನವಾಗಿ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಖಾನಾಪುರದಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಬೆಳಗಾವಿಯ ಟಿಳಕವಾಡಿಯ ಈ ಹೆಂಚಿನ ಮನೆಗೆ ಬಂದು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ನಾವು ಮೂವರು: ಅತ್ತೆ, ನನ್ನ ಗಂಡ, ನಾನು. ಅತ್ತೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಬೆಳೆಸಿದವರು. ನನ್ನ ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು. ನಾವು ಜೈನರು. ಅತ್ತೆ ಬಸದಿಗೆ ಹೋಗಿ ಬಂದ ಮೇಲೆಯೇ ಬಾಯಿಗೆ ನೀರು ಹಾಕುವವರು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದವರು.

ಅಡುಗೆಮನೆ ಉದ್ದವಾಗಿ, ಕತ್ತಲೆಯಾಗಿ ಇತ್ತು. ಒಂದು ಗೋಡೆಗೆ ಮಣ್ಣಿನ ಒಲೆ. ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತು ಬೇಯಿಸಬೇಕು. ಅದೇ ಗೋಡೆಯ ಕೊನೆಯ ಮೂಲೆಯಲ್ಲಿ ಬಾವಿ. ಹೌದು, ಅಡುಗೆಮನೆಯ ಒಳಗೇ. ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಮೇಲೆ ಹಗ್ಗ ಹಾಯಿಸುವ ಗಡಗಡೆ, ಮರದ ಮುಚ್ಚಳ. ಹಳೆಯ ಮನೆಗಳಲ್ಲಿ ಇದು ಹೊಸತೇನಲ್ಲ.

ಆ ಬಾವಿಯಿಲ್ಲದೆ ಅತ್ತೆಗೆ ಊಟವಿರಲಿಲ್ಲ. ಅವರಿಗೊಂದು ನೇಮವಿತ್ತು. ತಾವೇ ಕೈಯಾರೆ ಸೇದಿ, ಎರಡು ಮಡಿಕೆ ಮಾಡಿದ ದಪ್ಪ ಬಟ್ಟೆಯಲ್ಲಿ ಸೋಸಿದ ಬಾವಿ ನೀರು ಮಾತ್ರ ಅವರು ಕುಡಿಯುವುದು, ಅದರಲ್ಲಿ ಬೇಯಿಸಿದ್ದು ಮಾತ್ರ ಉಣ್ಣುವುದು. ಸೋಸಿದರೆ ಕೆಲಸ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದದ್ದು ಕಣ್ಣಿಗೆ ಕಾಣದ ಜೀವಗಳು. ಅವು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮರಳಬೇಕು. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ, ಆ ನೀರನ್ನು ಒಂದು ಪುಟ್ಟ ಹಿತ್ತಾಳೆ ಚೆಂಬಿಗೆ ತುಂಬುತ್ತಿದ್ದರು. ಆ ಚೆಂಬಿನ ತಳಕ್ಕೂ ಒಂದು ಕೊಂಡಿ ಇತ್ತು, ಅದಕ್ಕೊಂದು ದಾರ. ಚೆಂಬನ್ನು ನೀರಿನ ಮಟ್ಟದವರೆಗೆ ಇಳಿಸಿ, ತಳದ ದಾರವನ್ನು ಎಳೆದು ಬಗ್ಗಿಸಬೇಕು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೆ ಜೀವಗಳು ಸಾಯುತ್ತವೆ. ಮದುವೆಯಾದ ಹೊಸತರಲ್ಲಿ ನನಗೆ ಇದನ್ನು ನೋಡಿ ನಗು ಬರುತ್ತಿತ್ತು. ಅತ್ತೆ ಗದರಿಸಲಿಲ್ಲ. "ನಗು. ಆದರ ದಾರ ಗಟ್ಟಿ ಹಿಡಿ" ಎಂದಿದ್ದರು.

ಓಣಿಯ ಬೇರೆ ಬಾವಿಗಳೆಲ್ಲ ನಳ ಬಂದ ಮೇಲೆ ಮುಚ್ಚಿಹೋಗಿದ್ದವು. ಒಂದರ ಮೇಲೆ ಸ್ಕೂಟರ್ ನಿಲ್ಲಿಸುತ್ತಿದ್ದರು. ಬಸದಿಯ ಬಾವಿಗೂ ಮೋಟಾರು ಬಂದಿತ್ತು. ನಳದ ನೀರು, ಮೋಟಾರಿನ ನೀರು ಅತ್ತೆಗೆ ನಡೆಯುತ್ತಿರಲಿಲ್ಲ. ನಳದಲ್ಲಿ ಬಂದ ಜೀವವನ್ನು ನಳಕ್ಕೆ ಹೇಗೆ ಹಿಂದಿರುಗಿಸುವುದು ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನ ಗಂಡ ನಗುತ್ತಿದ್ದರು.

ಆ ಬೇಸಿಗೆಯಲ್ಲಿ, ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದ ಗ್ಯಾಸಿನ ಪಾಳಿ ನಮಗೆ ಬಂತು. ಸಿಲಿಂಡರ್ ಕೆಳಗಿರಬೇಕು, ಒಲೆ ಅದಕ್ಕಿಂತ ಮೇಲಿರಬೇಕು, ಕಟ್ಟೆ ಇಲ್ಲದೆ ಗ್ಯಾಸ್ ಜೋಡಿಸುವುದಿಲ್ಲ ಎಂದು ಗ್ಯಾಸಿನವರು ಹೇಳಿಹೋದರು. ನಾನು ಒಳಗೊಳಗೇ ಕುಣಿದೆ. ಊದುಗೊಳವೆ ಊದಿ ನನ್ನ ಕಣ್ಣುಗಳು ಕೆಂಪಾಗಿಯೇ ಇರುತ್ತಿದ್ದವು. ಕುಳಿತು ಬೇಯಿಸಿ, ಎದ್ದು ಕೊಡ ಎತ್ತಿ, ಮತ್ತೆ ಕುಳಿತು ರೊಟ್ಟಿ ಬಡಿದು ಸೊಂಟ ಹಿಡಿದುಹೋಗಿತ್ತು. ನಿಂತು ಅಡುಗೆ ಮಾಡುವ ಕಟ್ಟೆ ನನಗೆ ಬೇಕಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ, ಇದರಲ್ಲಿ ನಾಚಿಕೆಯ ಮಾತೂ ಇಲ್ಲ.

ಕಟ್ಟೆ ಕಟ್ಟಲು ಗವಂಡಿ ಬಂದರು. ಖಾನಾಪುರದ ಕಡೆಯ ಹಳ್ಳಿಯವರು, ಮನೆಮಾತು ಮರಾಠಿ. ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುತ್ತಿದ್ದರು. ನಾನು ಅವರ ಕಡೆಯವಳೆಂದು ತಿಳಿದ ಮೇಲೆ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯಲು ಶುರು ಮಾಡಿದರು. ಜೊತೆಗೆ ಬುಟ್ಟಿ ಹೊರಲು ಒಬ್ಬ ಹೆಂಗಸು, ಗಂಟಲು ದೊಡ್ಡದು. ಗವಂಡಿ ದಾರ ಹಿಡಿದು ಗೋಡೆ ಅಳೆದು ಹೇಳಿದರು:

"ಗ್ಯಾಸ್ ಇಲ್ಲಿ, ಭಾಂಡೆ ತೊಳಿಯೂದು ಇಲ್ಲಿ, ಹಿಟ್ಟ ನಾದೂದು ಇಲ್ಲಿ. ಕಟ್ಟಿ ಆ ಮೂಲಿತನಕ ಹೋಗಬೇಕು ಮಾಲಕ್ರ. ಬಾವಿ ಮ್ಯಾಲ ಒಂದು ಫರಸಿ ಕಲ್ಲು ಎಳದ್ರ ಮುಗೀತು."

"ನಳ ಬಂದು ಎಷ್ಟ ದಿನಾ ಆತು. ಮುಚ್ಚೂದ ಛಲೋ" ಎಂದರು ನನ್ನ ಗಂಡ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ನಾ ಇರೂತನಕ ಬಾವಿ ಇರಲಿ" ಎಂದರು.

"ನೋಡೂಣು ಬಿಡವ್ವಾ" ಎಂದು ನನ್ನ ಗಂಡ ಚಪ್ಪಲಿ ಮೆಟ್ಟಿ ಹೊರಟರು. ನಮ್ಮ ಮನೆಯಲ್ಲಿ 'ನೋಡೂಣು' ಅಂದರೆ ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು ಅತ್ತೆ ತಿಳಿದರು. ಗವಂಡಿ ಬೇರೆ ಥರ ತಿಳಿದರು. ಮಾಲಕರು ತಾಯಿಯ ಎದುರು ಬಾಯಿಬಿಟ್ಟು ಹೇಳುತ್ತಿಲ್ಲ, ಅಷ್ಟೇ ಎಂದು.

ಅಡುಗೆಮನೆಯ ಸಾಮಾನೆಲ್ಲ ಪಡಸಾಲೆಗೆ ಬಂತು. ಪಂಪ್ ಸ್ಟೋವಿನ ಮೇಲೆ ನಮ್ಮ ಅಡುಗೆ. ಕಾಳಿನ ಡಬ್ಬಿಗಳ ಮೇಲೂ ಹಾಸಿಗೆಯ ಮೇಲೂ ಸಿಮೆಂಟಿನ ಧೂಳು. ಅತ್ತೆ ಮಾತ್ರ ದಿನವೂ ಧೂಳಿನ ನಡುವೆಯೇ ಬಾವಿಯ ಹತ್ತಿರ ಹೋಗಿ, ಮುಚ್ಚಳ ಒರೆಸಿ, ನೀರು ಸೇದಿ ಸೋಸಿ ಕಾಸಿಟ್ಟುಕೊಳ್ಳುತ್ತಿದ್ದರು. ಕಾಸಿದ ನೀರು ಒಂದು ದಿನಕ್ಕೆ ನಡೆಯುತ್ತದೆ. ಮಾರನೆಯ ದಿನಕ್ಕೆ ನಡೆಯುವುದಿಲ್ಲ.

ಒಲೆ ಒಡೆಯುವ ದಿನ ಬಂತು. ಬೆಳಿಗ್ಗೆ ಅತ್ತೆ ಬಸದಿಗೆ ಹೋಗಿದ್ದರು, ಗಂಡ ಕಚೇರಿಗೆ ಹೊರಟಿದ್ದರು. ನಾನು ಕೆಲಸದವರಿಗೆ ಚಹಾ ಸೋಸುತ್ತಿದ್ದೆ. ಒಳಗಿನಿಂದ ಗುದ್ದಲಿಯ ಸದ್ದು ಬಂತು, ನಿಂತಿತು. ಆಮೇಲೆ ನೀರಿಗೆ ಭಾರವಾದದ್ದು ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಚಹಾದ ಪಾತ್ರೆ ಕೈಯಲ್ಲಿ ಹಿಡಿದೇ ಓಡಿದೆ.

ಬಾವಿಯ ಮುಚ್ಚಳ ಗೋಡೆಗೆ ಒರಗಿತ್ತು. ಕಟ್ಟೆಯ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಒಲೆಯಿದ್ದ ಜಾಗದಲ್ಲಿ ಕರಿ ನೆಲ. ಗವಂಡಿ ತಲೆಯ ಟೋಪಿ ತೆಗೆದು, ಕಣ್ಣು ಮುಚ್ಚಿ ಬಾವಿಗೆ ಕೈ ಮುಗಿಯುತ್ತಿದ್ದರು.

"ಏನ ಮಾಡಿದ್ರಿ?" ಎಂದೆ.

"ಒಲಿ ಅಂದ್ರ ಲಕ್ಷ್ಮಿ, ವೈನಿ. ಇಷ್ಟ ವರ್ಷ ಈ ಮನೀಗೆ ಅನ್ನಾ ಹಾಕ್ಯಾಳ. ರಸ್ತೆದಾಗ ಒಗದ್ರ ಮಂದಿ ತುಳೀತಾರು. ನಮ್ಮ ಕಡಿ ನೀರಿಗೇ ಕೊಡೂದು. ಹೆಂಗೂ ಬಾವಿ ಮುಚ್ಚೂದು ಐತೆಲ್ಲ, ಇದರಾಗ ಕೊಟ್ಟ ಬಿಟ್ಟೆ."

ಒಲೆಯ ಮಣ್ಣು, ಅದರೊಳಗಿನ ಇಟ್ಟಿಗೆ, ಬೂದಿ, ಎಲ್ಲವೂ ಬಾವಿಯೊಳಗೆ. ಅವರು ಅಪಚಾರ ಮಾಡಲಿಲ್ಲ. ಅಪಚಾರ ಆಗದಿರಲಿ ಎಂದೇ ಮಾಡಿದರು. ಚಹಾದ ಪಾತ್ರೆ ಕೈ ಸುಡುತ್ತಿದೆ ಎಂಬುದು ಆಮೇಲೆ ತಿಳಿಯಿತು.

ಅತ್ತೆ ಬಂದರು. ಕುಂಕುಮ ನೋಡಿದರು, ಒಲೆಯ ಜಾಗ ನೋಡಿದರು. ಕೊಡ ಇಳಿಸಿದರು. ಅದು ಮುಳುಗಲಿಲ್ಲ, ಯಾವುದಕ್ಕೋ ಬಡಿಯಿತು. ಮೇಲೆ ಬಂದಾಗ ಅದರಲ್ಲಿ ಬೂದಿಯ ಕೆಸರಿತ್ತು. ಅದನ್ನು ಬಾವಿಗೇ ಮೆಲ್ಲಗೆ ಇಳಿಸಿ ಬಗ್ಗಿಸಿ, ಕೊಡವನ್ನು ಬೋರಲು ಹಾಕಿ, ಬಾವಿಯ ಕಟ್ಟೆಯ ಮೇಲೆ ಕುಳಿತರು.

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ಎಲ್ಲ ಕೇಳಿದರು. ಬಾವಿಯೊಳಗೆ ಬಗ್ಗಿ ನೋಡಿದರು. "ಆದದ್ದ ಆತು. ಹೆಂಗೂ ಅರ್ಧಾ ತುಂಬೇತಿ. ಪೂರಾ ತುಂಬಿಸಿ ಬಿಡ್ರಿ" ಎಂದು ಗವಂಡಿಗೆ ಹೇಳಿದರು. ಅರ್ಧ ತುಂಬಿರಲಿಲ್ಲ. ನಾನು ನೋಡಿದ್ದೆ.

"ನಾ ಈ ಕಟ್ಟಿ ಮ್ಯಾಲಿಂದ ಎದ್ದರ ತುಂಬಸ್ತಾರ" ಎಂದರು ಅತ್ತೆ.

"ಅವ್ವಾ, ಬಸದಿಯಿಂದ ನೀರ ತರಸ್ತೀನಿ."

"ಮೋಟಾರಿಂದು."

"ದೇವರ ಬಾವೀದ ಅಲ್ಲೇನು?"

"ಬಾವಿ ದೇವರದು. ಮೋಟಾರು ಕಮಿಟಿದು."

ಬುಟ್ಟಿ ಹೊರುವ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು. ನನ್ನ ಗಂಡನಿಗೆ ಅದು ತಾಗಿತು. "ಉಪಾಸ ಮಾಡಿ ನನ್ನ ಮಣಿಸಬೇಕಂತೀ" ಎಂದರು.

ಅತ್ತೆಯ ದನಿ ಏರಲಿಲ್ಲ. "ಉಪಾಸ ಅಂದ್ರ ಸಂಕಲ್ಪ ಮಾಡಿ ಕುಂದರಬೇಕೋ. ನಾ ಉಪಾಸ ಅಲ್ಲ. ನನಗ ಹಸಿವಿ ಆಗೇತಿ, ನೀರಡಿಕಿ ಆಗೇತಿ. ನೀರಿಲ್ಲ. ಅಷ್ಟ."

ಆ ಮಾತನ್ನು ಅವರು ಹೇಳಿದ ರೀತಿ ನನಗೆ ಇವತ್ತಿಗೂ ಕಿವಿಯಲ್ಲಿದೆ. ಬೇಡುವ ದನಿಯಲ್ಲ, ಬಯ್ಯುವ ದನಿಯೂ ಅಲ್ಲ. ಮಳೆ ಬಂದಿಲ್ಲ ಎಂದು ಹೇಳಿದ ಹಾಗೆ.

ಆ ದಿನ ಅವರು ಏನೂ ತೆಗೆದುಕೊಳ್ಳಲಿಲ್ಲ. ಹೊತ್ತು ಮುಳುಗಿತು, ಮುಂದೆ ಕೇಳುವಂತೆಯೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಬಸದಿಗೆ ಹೋಗಿ ಬರುವಾಗ ಅವರು ಗೋಡೆ ಹಿಡಿದು ಬಂದರು. ತುಟಿಯ ಮೂಲೆಯಲ್ಲಿ ಬಿಳಿ ಕಟ್ಟಿತ್ತು. ಮತ್ತೆ ಬಾವಿಯ ಕಟ್ಟೆಯ ಮೇಲೆ ಕುಳಿತು, ಬೀಳದಂತೆ ಗಡಗಡೆಯ ಕಂಬ ಹಿಡಿದುಕೊಂಡರು. ಕಂಬದ ಮೇಲಿದ್ದ ಅವರ ಬೆರಳುಗಳು ನಡುಗುತ್ತಿದ್ದವು. ನನ್ನ ಗಂಡ ಅದನ್ನು ನೋಡಿದರು. ನೋಡಿಯೂ, "ಸಂಜೀತನಕ ತಾನ ದಾರಿಗೆ ಬರತಾಳ. ನೀ ನಡುವ ಬಾಯಿ ಹಾಕಬ್ಯಾಡ. ಬಾವಿ ಬೇಕಂದ್ರ ನಿನಗ ಕಟ್ಟಿ ಇಲ್ಲ, ನೆನಪಿರಲಿ" ಎಂದು ನನಗೆ ಹೇಳಿ ಕಚೇರಿಗೆ ಹೋದರು.

ಅವರಿಗೆ ತಾಯಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಹೆದರಿದ್ದರು. ಹೆದರಿದ ಗಂಡಸು ಕಚೇರಿಗೆ ಹೋಗುತ್ತಾನೆ. ನನಗೆ ಹೋಗಲು ಕಚೇರಿಯಿರಲಿಲ್ಲ. ಆ ಬೆರಳುಗಳ ಎದುರೇ ನಾನು ಕೂರಬೇಕಿತ್ತು.

ಗವಂಡಿಯನ್ನು ಕೇಳಿದೆ: "ಹಾಕಿದ್ದ ತೆಗೀರಿ."

ಅವರು ಕೆಳಗೆ ನೋಡಿದರು. "ಮಾಲಕರು ಮುಚ್ಚು ಅಂತಾರ, ನೀವು ತೆಗಿ ಅಂತೀರಿ. ಅದೂ ಹೋಗ್ಲಿ ವೈನಿ. ಕುಂಕುಮ ಹಚ್ಚಿ ಕೈಮುಗದು ನೀರಿಗೆ ಕೊಟ್ಟೀನಿ. ಕೊಟ್ಟದ್ದ ಹೊಳ್ಳಿ ನನ್ನ ಕೈಲೇ ತೆಗೀಲಿಕ್ಕೆ ಆಗಂಗಿಲ್ಲ. ಮನೀ ಕಟ್ಟೂ ಕೈ ಇದು."

"ಹಂಗಾದ್ರ ಹಗ್ಗಾ ಹಿಡೀತೀರಿ?"

"ಯಾರು ಇಳಿಯೂದು?"

"ನಾ."

ಬುಟ್ಟಿಯ ಹೆಂಗಸು ಕೆಲಸ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಟಿಳಕವಾಡಿ ಬಾಯಿಸಾಹೇಬ್ರು ಬಾವ್ಯಾಗ ಇಳೀತಾರಂತ" ಎಂದಳು. "ಇಳೀರಿ ಇಳೀರಿ, ನಾವೂ ನೋಡೂಣು."

ನನ್ನ ತವರಿನಲ್ಲಿ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಬಾವಿಯ ಹೂಳು ತೆಗೆಯುತ್ತಿದ್ದರು. ನಾನು ಹಗುರ ಇದ್ದೆನೆಂದು ಅಪ್ಪ ನನ್ನನ್ನೇ ಇಳಿಸುತ್ತಿದ್ದರು. ಮದುವೆಯ ಮಾತು ಶುರುವಾದಾಗ ಅದು ನಿಂತಿತು. ನೆರೆಯವರು ಏನಾದರೂ ಅಂದಾರು ಎಂದು. ಕಾಲು ಮಾತ್ರ ಅದನ್ನು ಮರೆತಿರಲಿಲ್ಲ.

ಮೊದಲು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದೆ. ಆರಲಿಲ್ಲ, ಗಾಳಿ ಇದೆ. ಆಮೇಲೆ ಸ್ನಾನ ಮಾಡಿ, ಒದ್ದೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಂದೆ. ಅತ್ತೆ ನನ್ನನ್ನು ತಡೆಯುತ್ತಾರೆಂದು ಅಂದುಕೊಂಡಿದ್ದೆ. ಅವರು ಕಟ್ಟೆಯಿಂದ ಎದ್ದು ಜಾಗ ಬಿಟ್ಟರು. ಹಗ್ಗ ನನ್ನ ಸೊಂಟಕ್ಕೆ ಸುತ್ತಿ ತಾವೇ ಗಂಟು ಹಾಕಿದರು. ನೀರು ಕಾಣದ ಬಾಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಕಾಲ ಹಗರಕ ಇಡು. ನೀರ ಕಲಕಬ್ಯಾಡ. ಒಳಗ ಇದ್ದಾವ ಅವು."

"ನನ್ನ ಚಿಂತಿ ಇಲ್ಲೇನ ನಿಮಗ?" ಎಂದೆ.

"ನಿನ್ನ ಹಗ್ಗಾ ನಾಕ ಕೈ ಹಿಡದಾವ. ಅವನ್ನ ಯಾರ ಹಿಡದಾರ?"

ಗೋಡೆಯ ಎರಡೂ ಬದಿಗೆ ಹೊರಚಾಚಿದ ಕಲ್ಲುಗಳಿದ್ದವು. ಒಂದು ಕಾಲು ಈ ಬದಿಗೆ, ಒಂದು ಕಾಲು ಆ ಬದಿಗೆ. ಕಲ್ಲಿಗೆ ಪಾಚಿ. ಅರ್ಧ ದಾರಿಯಲ್ಲಿ ಎಡಗಾಲಿನ ಕಲ್ಲು ಇರಲಿಲ್ಲ, ಅದು ಯಾವಾಗಲೋ ಉದುರಿತ್ತು. ಕಾಲು ಗಾಳಿಯಲ್ಲಿ ಹುಡುಕಿತು. ಹಗ್ಗ ಪಕ್ಕೆಗೆ ಕಚ್ಚಿತು. "ಸಾವಕಾಶ ವೈನಿ, ಸಾವಕಾಶ" ಎಂಬ ಗವಂಡಿಯ ದನಿ ಎಲ್ಲ ಬದಿಯಿಂದಲೂ ಬಂತು. ಅಲ್ಲಿ ನನಗೆ ಹೆದರಿಕೆಯಾಯಿತು. ಎಷ್ಟು ಹೆದರಿಕೆಯೆಂದರೆ ನನ್ನ ಹಲ್ಲು ಕಟಕಟಿಸುವುದು ನನಗೇ ಕೇಳುತ್ತಿತ್ತು. ಹತ್ತಿಬಿಡಬಹುದಿತ್ತು. ಬಲಗಾಲು ಬಗ್ಗಿಸಿ, ಹೊಟ್ಟೆಯನ್ನು ಗೋಡೆಗೆ ಒತ್ತಿ, ಅದರ ಕೆಳಗಿನ ಕಲ್ಲಿಗೆ ಜಾರಿದೆ. ಮೊಣಕೈ ತರಚಿತು. ನಿಂತೆ.

ನೀರು ತೊಡೆಯವರೆಗಿತ್ತು, ಮಂಜಿನಂತೆ ತಣ್ಣಗೆ. ಕಾಲಬೆರಳಿಗೆ ಇಟ್ಟಿಗೆಯ ಮೂಲೆ ಸಿಕ್ಕಿತು. ಬಗ್ಗಿ, ಒಂದೊಂದೇ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಬುಟ್ಟಿಗೆ ಇಟ್ಟೆ. ಒಲೆಯ ಮಣ್ಣು ನೆನೆದು ಕೈಯಲ್ಲೇ ಕರಗುತ್ತಿತ್ತು. ದಿನವೂ ನಾನೇ ಸಾರಿಸಿ ರಂಗೋಲಿ ಎಳೆದಿದ್ದ ಒಲೆ ಅದು. ಬುಟ್ಟಿ ಮೇಲೆ ಹೋಗುವಾಗ ಕೆಸರು ತಲೆಯ ಮೇಲೆ ತೊಟ್ಟಿಕ್ಕಿತು. ಮೇಲಕ್ಕೆ ನೋಡಿದರೆ ತಟ್ಟೆಯಷ್ಟು ಬೆಳಕು, ಅದರಲ್ಲಿ ಮೂರು ತಲೆಗಳು. ಆಮೇಲೆ ನಾಲ್ಕಾದವು.

"ಮ್ಯಾಲ ಬಾ" ಎಂದಿತು ನಾಲ್ಕನೆಯದು. ನನ್ನ ಗಂಡ ಕಚೇರಿಯಿಂದ ಬೇಗ ಬಂದಿದ್ದರು.

"ಇನ್ನೂ ಐತ್ರಿ."

"ಸಾಕು. ಮಂದಿ ಕೂಡ್ಯಾರ ಬಾಗಲದಾಗ. ಏನಂದಾರು?"

"ಮಂದಿ ಮ್ಯಾಲ ಅದಾರ್ರಿ. ನನಗ ಇಲ್ಲಿ ಏನೂ ಕೇಳಸಂಗಿಲ್ಲ."

"ಕಟ್ಟಿ ಬೇಕಾ ಬ್ಯಾಡಾ ನಿನಗ?"

ಬಾವಿಯ ತಳದಲ್ಲಿ, ಎರಡೂ ಕೈಯಲ್ಲಿ ಒಡೆದ ಒಲೆ ಹಿಡಿದು ನಾನು ಹೇಳಿದೆ: "ಕಟ್ಟೀನೂ ಬೇಕು, ಬಾವೀನೂ ಬೇಕು. ಬುಟ್ಟಿ ಬಿಡ್ರಿ."

ಬುಟ್ಟಿ ತಕ್ಷಣ ಬರಲಿಲ್ಲ. ನಾನು ಕಾದೆ. ನೀರಿನಲ್ಲಿ ನನ್ನ ಕಾಲು ನನ್ನದಲ್ಲವೆನ್ನುವಂತೆ ಮರಗಟ್ಟಿತ್ತು. ಆಮೇಲೆ ಬುಟ್ಟಿ ಇಳಿಯಿತು. ಅದನ್ನು ಯಾರು ಬಿಟ್ಟರೆಂದು ನಾನು ನೋಡಲಿಲ್ಲ. ಗವಂಡಿಯೂ ಬುಟ್ಟಿಯ ಹೆಂಗಸೂ ನನ್ನ ಹಗ್ಗ ಹಿಡಿದಿದ್ದರು ಎಂಬುದಷ್ಟೇ ಗೊತ್ತು.

ಮೇಲೆ ಬಂದಾಗ ಕಿಟಕಿಯ ಬಿಸಿಲು ಗೋಡೆಯ ನೆತ್ತಿಗೆ ಏರಿತ್ತು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ತೆಗೆದ ಮಣ್ಣನ್ನು ಗವಂಡಿ ಮುಟ್ಟಲಿಲ್ಲ. ಬುಟ್ಟಿಯ ಹೆಂಗಸಿನ ಕೈಯಿಂದ ಚೀಲಕ್ಕೆ ತುಂಬಿಸಿದರು. ಮರುದಿನ ಸಂಜೆ ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಖಾನಾಪುರಕ್ಕೆ ಒಯ್ದು ಮಲಪ್ರಭೆಗೆ ಬಿಟ್ಟರಂತೆ. ಕಂಡಕ್ಟರ್ ಚೀಲದೊಳಗೆ ಏನೆಂದು ಕೇಳಿದರೆ, "ದೇವರು" ಎಂದರಂತೆ.

ಅತ್ತೆ ಕೊಡ ಇಳಿಸಿದರು. ನೀರು ಬೂದಿಬಣ್ಣ. ಸೋಸಿದರು. ಬಟ್ಟೆಯ ಮೇಲೆ ಎಂದಿನಂತಲ್ಲ, ದಪ್ಪಗೆ ಕಪ್ಪು ಕೂತಿತು. ಪಾತ್ರೆಗೆ ಇಳಿದದ್ದು ಕದಡಿದಂತಿದ್ದರೂ ಕುಡಿಯುವಂತಿತ್ತು. ಗಂಡ ಲೋಟ ತಂದು ಅವರ ಮುಂದೆ ಹಿಡಿದರು. "ಕುಡಿಯವ್ವಾ. ಬಿಸಲ ಐತಿ ಇನ್ನೂ."

ಅತ್ತೆ ಲೋಟದ ಕಡೆ ನೋಡಲಿಲ್ಲ. ಬಟ್ಟೆಯನ್ನು ಮಗುಚಿದರು. ಅದರ ಮೇಲೆ ಸೋಸಿದ ನೀರನ್ನು ಹನಿಸತೊಡಗಿದರು. ಅರ್ಧ ನೀರು ಹೊರಗೆ ಬೀಳುತ್ತಿತ್ತು, ಮತ್ತೆ ಹನಿಸುತ್ತಿದ್ದರು. ಕಪ್ಪು ಹೋಗುವವರೆಗೆ. ಚೆಂಬನ್ನು ಇಳಿಸಿದರು. ಅಷ್ಟು ನಿಧಾನವಾಗಿ ಅವರು ಇಳಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ತಳದ ದಾರ ಎಳೆದರು. ಕೆಳಗೆ ಸದ್ದೇ ಆಗಲಿಲ್ಲ. ಚೆಂಬು ಮೇಲೆ ಬರುವ ಹೊತ್ತಿಗೆ ಗೋಡೆಯ ಮೇಲೆ ಬಿಸಿಲಿರಲಿಲ್ಲ.

"ಮುಂಜಾನಿ" ಎಂದರು. ಲೋಟವನ್ನು ಮಗನ ಕೈಗೇ ಬಿಟ್ಟರು.

ನನಗೆ ಬಂದ ಸಿಟ್ಟನ್ನು ನಾನು ಬರೆಯಲೇಬೇಕು. ಅವರಿಗಾಗಿ ಇಳಿದೆ, ಅವರು ಕಾಣದ ಆ ಜೀವಗಳಿಗಾಗಿ ಹೊತ್ತು ಕಳೆದರು. ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತು, "ಮೊದಲ ಕುಡದಿದ್ರ ಏನ ಆಗತಿತ್ತು?" ಎಂದು ಕೇಳಿದೆ.

"ನನಗ ಏನೂ ಆಗತಿದ್ದಿಲ್ಲ" ಎಂದರು. ಆಮೇಲೆ ನನ್ನ ತರಚಿದ ಮೊಣಕೈಗೆ ಅರಿಶಿನ ಹಚ್ಚಿ, ಮಲಗಲು ಹೋದರು.

ನೆಂಟರು ಇದನ್ನೇ ಹಟ ಎನ್ನುತ್ತಾರೆ. ಅನ್ನಲಿ. ಆ ರಾತ್ರಿ ನಾನೂ ನೀರು ಕುಡಿಯಲಿಲ್ಲ. ನೇಮವೆಂದಲ್ಲ. ಅವರ ಪಕ್ಕದ ಹಾಸಿಗೆಯಲ್ಲಿ ಗಂಟಲು ಒಣಗಿಸಿಕೊಂಡು ಮಲಗಿದರೆ ಹೇಗಿರುತ್ತದೆ ಎಂದು ನನಗೆ ತಿಳಿಯಬೇಕಿತ್ತು.

ಬೆಳಿಗ್ಗೆ ಬಾವಿಯ ನೀರು ತಿಳಿಯಾಗಿತ್ತು. ಅತ್ತೆಯಿಂದ ಬಸದಿಗೆ ಒಬ್ಬರೇ ನಡೆಯಲು ಆಗಲಿಲ್ಲ. ಮಗ ತೋಳು ಹಿಡಿದು ಕರೆದುಕೊಂಡು ಹೋಗಿ ಬಂದರು. ದಾರಿಯಲ್ಲಿ ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಊಹಿಸಿ ಬರೆಯುವುದಿಲ್ಲ. ಅತ್ತೆ ಸೇದಿದರು, ಸೋಸಿದರು, ಬಟ್ಟೆ ತೊಳೆದು ಚೆಂಬು ಇಳಿಸಿದರು. ಆಮೇಲೆ ಕುಳಿತು, ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ಕುಡಿದರು. ಗಂಟಲಿಳಿಯುವ ಸದ್ದು ಅಡುಗೆಮನೆಯಲ್ಲೆಲ್ಲ ಕೇಳಿತು.

ಗವಂಡಿ ದಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮಾಲಕ್ರ, ಕಟ್ಟಿ ಎಲ್ಲಿಂದ ಹಿಡೀಲಿ?"

ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಬಾವಿಯ ಪಕ್ಕಕ್ಕೆ ಹೋಗಿ ನಿಂತು, ನೀರು ಸೇದಲು ಹಗ್ಗ ಎಳೆಯುವವರಂತೆ ಎರಡೂ ಮೊಣಕೈ ಅಗಲಿಸಿದೆ. ಎಡ ಮೊಣಕೈ ಎಲ್ಲಿಗೆ ಮುಟ್ಟಿತೋ ಅಲ್ಲಿ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದೆ.

"ಇಷ್ಟರಾಗ ಗ್ಯಾಸ್ ಒಂದ ಕುಂದರತೈತಿ ವೈನಿ. ಭಾಂಡೆ ಹೊರಗ ತೊಳೀಬೇಕಾಗತೈತಿ."

"ತೊಳೀತೀನಿ."

"ಎತ್ತರ ಎಷ್ಟ? ಎಲ್ಲಾರ ಮನ್ಯಾಗ ಮಾಡಿದಂಗ ಮಾಡ್ಲಿ?"

ನಾನು ಗೋಡೆಗೆ ಒತ್ತಿ ನಿಂತು, ನನ್ನ ಸೊಂಟದ ಮಟ್ಟಕ್ಕೆ ಅಂಗೈ ಇಟ್ಟೆ. "ಇಲ್ಲಿಗೆ" ಎಂದೆ. ಅವರು ಬಂದು, ಅಂಗೈಯ ಕೆಳಗೆ ಗುರುತು ಹಾಕಿದರು.